ಜನವರಿ ಹದಿನೆಂಟರ ಪುಟ

ಅಣ್ಣಿಗೇರಿ
ಮಂಗಳವಾರ, ಸೆಪ್ಟೆಂಬರ್ ಹದಿನಾರು

ಗೆಳೆಯಾ ನಿಜಾಮಸಾಬ,

ಸಂಜೆ ಆರು ಗಂಟೆ. ಬೆಳಿಗ್ಗೆ ಒಂದು ಟ್ರ್ಯಾಕ್ಟರಿನ ಕ್ಲಚ್ ಪ್ಲೇಟ್ ಬದಲಿಸಿದೆ. ಹೆಸರುಕಾಳಿನ ಚೀಲ ಹೇರಿಕೊಂಡು ಬಂದ ಗೂಡ್ಸ್ ಗಾಡಿಯೊಂದರ ಬ್ರೇಕ್ ಹಿಡಿಯುತ್ತಿರಲಿಲ್ಲ, ಅದನ್ನು ಸರಿ ಮಾಡಿ ಕಳಿಸಿದೆ. ಮಧ್ಯಾಹ್ನ ನಿಮ್ಮ ಮನೆಗೆ ಹೋಗಿದ್ದೆ. ಅಲ್ಲಿಂದ ಬಂದು ಅರುಣಾ ಟೀಚರಿಗೆ ಫೋನ್ ಮಾಡಿದೆ. ಇಷ್ಟೇ ಇವತ್ತಿನ ದಿನ. ಶಟರ್ ಅರ್ಧ ಎಳೆದು, ದಿನದ ಕೆಲಸವನ್ನು ಪುಸ್ತಕದಲ್ಲಿ ಬರೆದು, ಅದೇ ಪುಸ್ತಕದ ಕೊನೆಯ ಹಾಳೆಗಳನ್ನು ಹರಿದುಕೊಂಡು ನಿನಗೆ ಬರೆಯಲು ಕುಳಿತಿದ್ದೇನೆ.

ನಿನಗೆ ಕನ್ನಡ ಓದಲು ಬರುತ್ತಿರಲಿಲ್ಲ. ನನಗೆ ಬರುವುದೂ ಏಳನೆಯ ತರಗತಿಯವರೆಗಿನ ಕನ್ನಡವೇ. ಇಪ್ಪತ್ತಾರು ವರ್ಷ ನಾನು ಬರೆದದ್ದನ್ನು ನಾನೇ ನಿನಗೆ ಓದಿ ಹೇಳಿದ್ದೇನೆ. ಯಾವ ಗಾಡಿ ಬಂತು, ಏನು ಕೆಟ್ಟಿತ್ತು, ಯಾರು ಏನು ಬಿಚ್ಚಿದರು, ಏನು ಕೂಡಿಸಿದರು. ಸಂಜೆ ಚಹಾ ಕುಡಿಯುತ್ತ ಓದುತ್ತಿದ್ದೆ, ನೀನು ಕಣ್ಣು ಮುಚ್ಚಿ ಕೇಳುತ್ತಿದ್ದೆ. "ಲೇ ಸಿದ್ದಾ, ಆ ಗಾಡಿಗೆ ಎರಡ್ ಬೋಲ್ಟ್ ಅಲ್ಲ, ಮೂರ್ ಹಾಕೀವಿ. ಬರಕೋ" ಎಂದು ತಿದ್ದುತ್ತಿದ್ದೆ. ನೀನು ಹೋಗಿ ಐದು ತಿಂಗಳಾಯಿತು. ಬರೆಯುವುದನ್ನು ನಿಲ್ಲಿಸಿಲ್ಲ. ಗಟ್ಟಿಯಾಗಿ ಓದುವುದನ್ನು ಮಾತ್ರ ನಿಲ್ಲಿಸಿದ್ದೆ. ಇವತ್ತು ಈ ಪತ್ರ ಮುಗಿದ ಮೇಲೆ ಒಮ್ಮೆ ಗಟ್ಟಿಯಾಗಿ ಓದುತ್ತೇನೆ. ಎದುರಿನ ಚಹಾದಂಗಡಿಯ ಭೀಮಶಿ ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ.

ವಿಷಯ ಆ ಬಿಳಿ ಕಾರಿನದು.

ಶುಕ್ರವಾರ ಅರುಣಾ ಟೀಚರ್ ತಾವೇ ಓಡಿಸಿಕೊಂಡು ಬಂದರು. ಫೆಬ್ರವರಿಯಿಂದ ಆ ಕಾರು ಅವರ ಮನೆಯ ತಗಡಿನ ಕೆಳಗೆ ನಿಂತೇ ಇತ್ತು. ತಿರ್ಲಾಪುರದ ಹೈಸ್ಕೂಲಿಗೆ ಅವರು ಏಳು ತಿಂಗಳಿಂದ ಎರಡು ಬಸ್ಸು ಹಿಡಿದು ಹೋಗಿ ಬರುತ್ತಿದ್ದಾರೆ. ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿ, ಇಳಿಯದೆಯೇ ಕಿಟಕಿಯಿಂದ ಹೇಳಿದರು: "ಕಾಕಾ, ಮನ್ಯಾಗ ಗೊತ್ತಾದ್ರ ಬೈತಾರ. ಒಮ್ಮೆ ನೀವ ನೋಡ್ರಿ. ಈ ಹಳದಿ ದೀಪ ಹೋಗಲಿಲ್ಲಂದ್ರ ನಮ್ಮ ತಮ್ಮ ಹನುಮೇಶ ಇದನ್ನ ಗುಜರಿಗೆ ಹಾಕ್ತೀನಿ ಅಂದಾನ." ಆಮೇಲೆ, "ನಿಜಾಮ ಕಾಕಾ ಹಂಗ ಕೆಲಸಾ ಮಾಡೂ ಮನಷ್ಯಾ ಅಲ್ರಿ" ಎಂದರು.

ಆ ಮಾತು ಕೇಳಿ ನನಗೆ ತಲೆ ಎತ್ತಲಾಗಲಿಲ್ಲ. ಇಷ್ಟು ದಿನ ಆ ಮಾತನ್ನು ಆಡಬೇಕಾಗಿದ್ದವನು ನಾನು. ಹೊರಗಿನವರು ಬಂದು ಆಡಿದರು.

ನಡೆದದ್ದೆಲ್ಲ ನಿನಗೆ ಗೊತ್ತಿದೆ. ಆದರೂ ಬರೆಯುತ್ತೇನೆ. ಯಾವ ಕೆಲಸವನ್ನೂ ಮೊದಲಿನಿಂದ ಬರೆಯದೆ ನನಗೆ ಸಮಾಧಾನವಿಲ್ಲ. ಜನವರಿಯಲ್ಲಿ ಟೀಚರ ಮನೆಯ ಪಕ್ಕದ ಕಡಲೆ ಗೋದಾಮಿನ ಇಲಿಗಳು ಆ ಕಾರಿನೊಳಗೆ ಸೇರಿ ವೈರು ಕಡಿದಿದ್ದವು. ನೀನು ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ ಅವನ್ನೆಲ್ಲ ಜೋಡಿಸಿದೆ. ಹತ್ತು ದಿನ ಕಾರು ಓಡಿತು. ನಡುನಡುವೆ ಹಳದಿ ದೀಪ ಹತ್ತುತ್ತದೆ, ಬಂದ್ ಮಾಡಿ ಚಾಲು ಮಾಡಿದರೆ ಹೋಗುತ್ತದೆ ಎಂದು ಟೀಚರ್ ಹೇಳಿದ್ದರು. ಇಪ್ಪತ್ತೊಂಬತ್ತನೆಯ ತಾರೀಕು ತಾಯಿಯನ್ನು ಕೂಡಿಸಿಕೊಂಡು ಹೊರಟಿದ್ದಾಗ, ತಿರ್ಲಾಪುರದ ಈಚೆ, ನೆಟ್ಟಗಿನ ರಸ್ತೆಯಲ್ಲಿ ಎದುರಿಗೆ ಲಾರಿ ಬಂತು. ಟೀಚರ್ ಒಂದಿಷ್ಟು ಬಾಜು ಸರಿಸಿದ್ದಷ್ಟೇ. ಸ್ಟೀರಿಂಗನ್ನು ಯಾರೋ ಎಡಕ್ಕೆ ಎಳೆದ ಹಾಗಾಯಿತಂತೆ. ಕಾರು ಹತ್ತಿ ಹೊಲಕ್ಕೆ ಇಳಿಯಿತು. ತಾಯಿಯ ಮುಂಗೈ ಮುರಿಯಿತು.

ಮೊದಲು ಕಾರು ನಿನ್ನ ಬಳಿಗೇ ಬಂತು. ಮೂರು ದಿನ ನೀನು ಜೋಡಿಸಿದ್ದೆಲ್ಲವನ್ನೂ ಬಿಚ್ಚಿ ಮತ್ತೆ ಜೋಡಿಸಿದೆ. ದೀಪ ಮತ್ತೆ ಹತ್ತಿತು. ಟೀಚರ ತಮ್ಮ ಹನುಮೇಶ ಅದನ್ನು ಹುಬ್ಬಳ್ಳಿಯ ಯಾವುದೋ ಸರ್ವಿಸ್ ಸೆಂಟರಿಗೆ ಒಯ್ದ. ಸ್ಟೀರಿಂಗ್ ಎಷ್ಟು ತಿರುಗಿದೆ ಎಂದು ಗಾಡಿಗೆ ಹೇಳುವ ಸೆನ್ಸಾರ್ ಕೆಟ್ಟಿದೆ, ಹೊರಗಿನವರು ವೈರು ಮುಟ್ಟಿದ್ದಾರೆ, ಎಲ್ಲ ಬದಲಿಸಬೇಕು ಎಂದು ಅವರು ಒಂದು ಕಾಗದ ಬರೆದುಕೊಟ್ಟರು. ಆ ಕಾಗದ ಹಿಡಿದುಕೊಂಡು ಹನುಮೇಶ ಬೆಳಿಗ್ಗೆ ಒಂಬತ್ತಕ್ಕೆ ಬಂದು ರಸ್ತೆಯಲ್ಲೇ ನಿಂತ. ಭೀಮಶಿಯ ಅಂಗಡಿಯಲ್ಲಿ ಚಹಾ ಕುಡಿಯುವ ಹಮಾಲರು, ದಲಾಲಿ ಅಂಗಡಿಯವರು, ಎಲ್ಲರೂ ಇದ್ದರು. "ಇಲಿ ಕಡದಿದ್ದು ಪಾಡ ಇತ್ತು, ಸಾಬ. ನೀ ಜೋಡಿಸಿದ್ದ ಕೆಡಿಸೈತಿ. ನಮ್ಮವ್ವನ ಕೈ ಮುರದೈತಿ. ಕಣ್ಣು ಕಾಣದಿದ್ರ ಮನ್ಯಾಗ ಕುಂಡ್ರು, ಮಂದಿ ಜೀವದ ಕೂಡ ಆಟಾ ಆಡಬ್ಯಾಡ" ಎಂದ. ನಿನ್ನ ಮಗನ ವಯಸ್ಸಿನವನು.

ನೀನು ಚಷ್ಮಾ ತೆಗೆದು ಅಂಗಿಯ ಚುಂಗಿನಿಂದ ಒರೆಸಿಕೊಂಡೆ. "ನನ್ನ ಕೈಯಾಗ ತಪ್ಪಾಗಿದ್ರ ಮಾಫ್ ಮಾಡ್ರಿ. ಅವ್ವಾರ್ ಕೈ ಹೆಂಗೈತ್ರಿ ಈಗ?" ಎಂದೆ. ಅಷ್ಟೇ. ನಾನು ಸ್ಪ್ಯಾನರ್ ಹಿಡಿದುಕೊಂಡು ನಿನ್ನ ಹಿಂದೆ ನಿಂತಿದ್ದೆ. ಒಂದು ಮಾತು ಆಡಲಿಲ್ಲ.

ಮರುದಿನದಿಂದ ಮೊಳೆಯ ಮೇಲೆ ನಿನ್ನ ಸೋಲ್ಡರಿಂಗ್ ಐರನ್ ಇರಲಿಲ್ಲ. ಗೋಡೆಗೆ ಹೊಡೆದ ಮೊಳೆ, ಅದರ ಸುತ್ತ ಹೊಗೆಯಿಂದ ಕಪ್ಪಾದ ಗುರುತು, ಅಷ್ಟೇ ಉಳಿದಿತ್ತು. ವೈರಿನ ಕೆಲಸ ಬಂದರೆ, "ಗದಗಿಗೆ ಒಯ್ರಿ, ನನಗ ಈಗ ಕಣ್ಣು ಸರಿ ಇಲ್ಲ" ಎನ್ನುತ್ತಿದ್ದೆ. ನಿನ್ನ ಕಣ್ಣು ಸರಿ ಇದ್ದವು. ಭೀಮಶಿಯ ಅಂಗಡಿಯ ಬೋರ್ಡಿನ ಕೆಳಗೆ ಸಣ್ಣಕ್ಷರದಲ್ಲಿ ಬರೆದ ಫೋನ್ ನಂಬರನ್ನು ಇಲ್ಲಿಂದಲೇ ಓದಿ ನನ್ನನ್ನು ಅಣಕಿಸಿದವನು ನೀನು. ಎರಡು ತಿಂಗಳು ಪಂಕ್ಚರ್ ಹಾಕಿದೆ, ಆಯಿಲ್ ಬದಲಿಸಿದೆ. ಈದ್ ಮುಗಿದು ಹನ್ನೆರಡನೆಯ ದಿನ ತೀರಿಹೋದೆ. ಎದೆಯ ರೋಗ ಹಳೆಯದು ಎಂದು ಡಾಕ್ಟರ್ ಹೇಳಿದರು. ನಾನು ಅದನ್ನೇ ನಂಬುತ್ತೇನೆ. ಆ ಮಾತಿಗೇ ನೀನು ಸತ್ತೆ ಎಂದು ಬರೆಯುವುದಿಲ್ಲ. ಆದರೆ ನಿನ್ನ ಕೈಯನ್ನು ನೀನೇ ನಂಬದೆ ಎರಡು ತಿಂಗಳು ಬದುಕಿದೆ. ಅದನ್ನು ಬರೆಯದೆ ಇರಲಾರೆ.

ಅದಕ್ಕೇ ಶುಕ್ರವಾರ ಟೀಚರ್ ಹೋದ ಮೇಲೆ ನಾನು ನನಗೇ ಒಂದು ಮಾತು ಹೇಳಿಕೊಂಡೆ. ಈ ಕಾರಿನ ರೋಗ ಏನೆಂದು ತಿಳಿಯುವವರೆಗೆ ಇದನ್ನು ಹೊರಗೆ ಬಿಡುವುದಿಲ್ಲ. ನಿನ್ನ ತಪ್ಪಿದ್ದರೆ ನಿನ್ನದು, ಸೆನ್ಸಾರಿನದಿದ್ದರೆ ಅದರದು. ಮೂರನೆಯದೊಂದು ಇರಬಹುದೆಂದು ಅವತ್ತು ಹೊಳೆಯಲಿಲ್ಲ.

ಶನಿವಾರ ನೀನು ಸುತ್ತಿದ ಟೇಪು ಬಿಚ್ಚಿದೆ. ನಿನ್ನ ಕೆಲಸವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಒಂಬತ್ತು ಜೋಡಣೆಗಳು. ಒಂದಕ್ಕೊಂದು ತಾಕದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಹಿಂದೆ ಮುಂದೆ ಹಾಕಿದ್ದೆ. ಪ್ರತಿಯೊಂದಕ್ಕೂ ಕೊಳವೆ ತೊಡಿಸಿ, ಬಿಸಿ ಮಾಡಿ ಬಿಗಿ ಮಾಡಿದ್ದೆ. ಬೆಸುಗೆ ಒಂದು ಕಡೆಯೂ ಉಂಡೆಗಟ್ಟಿರಲಿಲ್ಲ. ಎಳೆದು ನೋಡಿದೆ, ಬಗ್ಗಿಸಿ ನೋಡಿದೆ. ನೀನು ನನ್ನನ್ನು ಅಣಕಿಸುತ್ತಿದ್ದದ್ದು ನೆನಪಾಯಿತು: "ನೀ ಗಾಡಿ ಕೂಡ ಸುತ್ತಿಗಿಲೇ ಮಾತಾಡ್ತಿ ಸಿದ್ದಾ, ನಾ ಅದರ ಕಿವ್ಯಾಗ ಪಿಸುಗುಡ್ತೀನಿ." ನಾನೊಬ್ಬನೇ ನಕ್ಕೆ. ಆಮೇಲೆ ನಗಲಾಗಲಿಲ್ಲ.

ಭಾನುವಾರ ಆಸೀಫನನ್ನು ಕರೆಸಿದೆ. ನಿನ್ನ ಕೈಯಲ್ಲಿ ಮೂರು ವರ್ಷ ಕಲಿತು, ಈಗ ಹುಬ್ಬಳ್ಳಿಯಲ್ಲಿ ಸ್ಕ್ಯಾನರ್ ಇಟ್ಟುಕೊಂಡಿರುವ ಅದೇ ಆಸೀಫ್. ಎರಡು ಮಕ್ಕಳ ತಂದೆ, ಹೊಟ್ಟೆ ಬಂದಿದೆ. ಮೀಟರ್ ಹಚ್ಚಿ ಒಂಬತ್ತೂ ಜೋಡಣೆಗಳನ್ನು ಒಂದೊಂದಾಗಿ ನೋಡಿದ. "ಉಸ್ತಾದ್ ಜೋಡಿಸಿದ್ದು ಕಂಪನಿ ವೈರಕಿಂತ ಗಟ್ಟಿ ಐತ್ರಿ, ಕಾಕಾ" ಎಂದ. ಆಮೇಲೆ ಸ್ಕ್ಯಾನರ್ ಹಚ್ಚಿ ಸ್ಟೀರಿಂಗ್ ತಿರುಗಿಸು ಎಂದ. ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ. ಪರದೆಯ ಮೇಲಿನ ಅಂಕಿ ಎಲ್ಲಿಯೂ ಎಡವದೆ, ಎಲ್ಲಿಯೂ ಜಿಗಿಯದೆ ಏರಿತು, ಇಳಿಯಿತು. "ಕೆಟ್ಟ ಸೆನ್ಸಾರ್ ಹಿಂಗ ಸಂಭಾವಿತರಂಗ ಇರಂಗಿಲ್ರಿ. ನಡುವ ತಪ್ಪತೈತಿ, ಇಲ್ಲಾ ಸುಮ್ಮನ ನಿಂತಬಿಡತೈತಿ. ಇದು ಚೊಲೋ ಐತಿ" ಎಂದ.

ವೈರೂ ಸರಿ, ಸೆನ್ಸಾರೂ ಸರಿ. ಹಾಗಾದರೆ ದೀಪ ಏಕೆ ಹತ್ತುತ್ತದೆ? ನವಲಗುಂದದ ರಸ್ತೆಗೆ ಒಯ್ದೆವು. ನಾನು ಓಡಿಸುತ್ತಿದ್ದೆ, ಆಸೀಫ್ ಬಾಜು ಕುಳಿತು ಪರದೆ ನೋಡುತ್ತಿದ್ದ. ಎರಡೂ ಕಡೆ ಹತ್ತಿ, ಗೋವಿನಜೋಳ. ರಸ್ತೆ ದಾರ ಹಿಡಿದ ಹಾಗೆ ನೆಟ್ಟಗೆ.

"ಕಾಕಾ, ಸ್ಟೀರಿಂಗ್ ನೆಟ್ಟಗ ಹಿಡೀರಿ" ಎಂದ.

"ನೆಟ್ಟಗ ಐತೋ."

"ಮತ್ತ ಇಲ್ಲಿ ಇಪ್ಪತ್ತು ಡಿಗ್ರಿ ಬಲಕ್ಕ ಅಂತ ತೋರಸ್ತೈತಿ?"

"ನಿನ್ನ ಮಶೀನ್ ಕುಡದೈತಿ."

"ನನ್ನ ಮಶೀನ್ ಕುಡಿಯೂದಿಲ್ರಿ, ನಮಾಜ್ ಮಾಡತೈತಿ."

ನಗುತ್ತಿದ್ದೆವು, ಹಳದಿ ದೀಪ ಹತ್ತಿತು. ಸ್ಟೀರಿಂಗ್ ನನ್ನ ಕೈಯೊಳಗೆ ಮೆಲ್ಲಗೆ ಎಡಕ್ಕೆ ಎಳೆಯಿತು. ಜೋರಾಗಿ ಅಲ್ಲ. ಕರು ಹಗ್ಗ ಜಗ್ಗಿದಷ್ಟು. ಗಾಡಿ ನೆಟ್ಟಗೆ ಹೊರಟಿದ್ದರೂ ಬಲಕ್ಕೆ ತಿರುಗಿದ್ದೇನೆ ಎಂದು ತಿಳಿದು, ನಡುವಿಗೆ ಬರಲು ತಾನೇ ಎಡಕ್ಕೆ ಜಗ್ಗುತ್ತಿತ್ತು. ಟೀಚರ ಕೈಯಿಂದ ತಪ್ಪಿದ್ದು ಹೀಗೆಯೇ.

ಗಾಡಿ ಬದಿಗೆ ನಿಲ್ಲಿಸಿದೆ. ನಿಜಾಮಾ, ಆ ಹೊತ್ತಿಗೆ ನನ್ನ ತಲೆಗೆ ಇನ್ನೂ ತಿಳಿದಿರಲಿಲ್ಲ, ಕೈಗೆ ತಿಳಿದಿತ್ತು.

ಆಸೀಫ್ ಸಹಜವಾಗಿ ಹೇಳಿದ: "ಇದಕ್ಕ ಭಾಳ ಏನಿಲ್ರಿ. ಎಲ್ಲೋ ಇದರ ಸೊನ್ನೆ ತಪ್ಪೈತಿ. ಈಗ ನೆಟ್ಟಗ ಐತಿ ಅಲ್ಲಾ, ಇದನ್ನ ಸೊನ್ನೆ ಅಂತ ಮಶೀನ್‌ಲೇ ಹೇಳಿಬಿಡತೀನಿ. ದೀಪ ಹೋಗತೈತಿ, ಜಗ್ಗೂದೂ ಹೋಗತೈತಿ. ಸೆನ್ಸಾರ್‌ದ ತಪ್ಪಿತ್ತು ಅನ್ರಿ. ಉಸ್ತಾದರ ಹೆಸರೂ ತೊಳದಂಗಾತು, ಯಾರಿಗೂ ಯಾವ ಮಾತೂ ಇಲ್ಲ." ಅವನ ಬೆರಳು ಗುಂಡಿಯ ಮೇಲೆಯೇ ಇತ್ತು.

ನಿನ್ನ ಹೆಸರೂ ಉಳಿಯುತ್ತಿತ್ತು, ನನ್ನದೂ ಉಳಿಯುತ್ತಿತ್ತು. ಸುಳ್ಳು ಹೇಳಲಾರೆ, ಒಂದು ಕ್ಷಣ ಅದೇ ಸರಿ ಅನ್ನಿಸಿತು. ಆದರೆ ಗಾಡಿಯ ಸೊನ್ನೆ ತಾನಾಗಿ ತಪ್ಪುವುದಿಲ್ಲ. ಯಾರೋ ತಪ್ಪಿಸಿರಬೇಕು. ಆ ಯಾರು ಎಂಬುದು ತಿಳಿಯದೆ ಸೊನ್ನೆ ಹಾಕಿದರೆ, ಗಾಯದ ಮೇಲೆ ಬಣ್ಣ ಹಚ್ಚಿದ ಹಾಗೆ. "ಕೈ ತಗಿ. ಗ್ಯಾರೇಜಿಗೆ ಹೋಗೂಣು, ಒಂದ್ ಪುಸ್ತಕ ನೋಡೂದೈತಿ" ಎಂದೆ.

ಜನವರಿ ಹದಿನೆಂಟು, ಶನಿವಾರ. ನನ್ನದೇ ಅಕ್ಷರ. "ಅರುಣಾ ಟೀಚರ ಬಿಳಿ ಕಾರು. ಇಲಿ ಕಡಿದ ವೈರು, ನಿಜಾಮ ಜೋಡಿಸಿದ. ಬಲಗಡೆ ಟೈರಾಡ್ ಸವೆದಿತ್ತು, ಹೊಸದು ಹಾಕಿದೆ. ದಾರ ಹಿಡಿದು ಗಾಲಿ ನೆಟ್ಟಗೆ ಮಾಡಿದೆ. ಸ್ಟೀರಿಂಗ್ ಸೊಟ್ಟ ಬಂತು. ಬಿಚ್ಚಿ ಎರಡು ಹಲ್ಲು ಸರಿಸಿ ನೆಟ್ಟಗೆ ಕೂಡಿಸಿದೆ."

ಓದಿ ಅಲ್ಲಿಯೇ ಟೈರಿನ ಮೇಲೆ ಕುಳಿತೆ.

ನಿನಗೆ ಗೊತ್ತು, ಅದು ನಾವು ಹಳೆಯ ಕೈಗಳೆಲ್ಲ ಮಾಡುತ್ತಿದ್ದ ಕೆಲಸ. ಜೀಪು, ಟೆಂಪೊ, ಟ್ರ್ಯಾಕ್ಟರು, ಯಾವುದೇ ಇರಲಿ. ಗಾಲಿ ನೆಟ್ಟಗಾದ ಮೇಲೆ ಸ್ಟೀರಿಂಗ್ ಸೊಟ್ಟ ಕಂಡರೆ ನಡುವಿನ ನಟ್ಟು ಬಿಚ್ಚಿ, ಎತ್ತಿ, ನೆಟ್ಟಗೆ ತಿರುಗಿಸಿ ಕೆಳಗಿನ ದಂಡದ ಹಲ್ಲುಗಳ ಮೇಲೆ ಮತ್ತೆ ಕೂಡಿಸುವುದು. ಸರಿಯಾದ ದಾರಿ ಎಂದರೆ ಕೆಳಗೆ ಮಲಗಿ ಗಾಲಿಗಳನ್ನು ಸ್ಟೀರಿಂಗಿಗೆ ಜೋಡಿಸುವ ಎಡಬಲದ ಸರಳುಗಳನ್ನು, ಅಂದರೆ ಟೈರಾಡುಗಳನ್ನು, ಸಮಸಮ ತಿರುಗಿಸಬೇಕು, ಒಂದು ತಾಸಿನ ಕೆಲಸ. ಇದು ಐದು ನಿಮಿಷ. ಕೂತವನಿಗೆ ಸ್ಟೀರಿಂಗ್ ನೆಟ್ಟಗೆ ಕಂಡರೆ ಮುಗಿಯಿತು. ಹಳೆಯ ಗಾಡಿಗಳಿಗೆ ಅದರಿಂದ ಏನೂ ಆಗುತ್ತಿರಲಿಲ್ಲ. ಈ ಗಾಡಿಯ ಸೆನ್ಸಾರ್ ನಾವು ಹಿಡಿಯುವ ಸ್ಟೀರಿಂಗನ್ನು ನೋಡುವುದೇ ಇಲ್ಲ, ಅದರ ಕೆಳಗಿನ ದಂಡವನ್ನು ನೋಡುತ್ತದೆ. ದಂಡ ಇಪ್ಪತ್ತು ಡಿಗ್ರಿ ಬಲಕ್ಕೆ ತಿರುಗಿಯೇ ಇತ್ತು. ನಾನು ಮೇಲಿನದನ್ನು ನೆಟ್ಟಗೆ ಮಾಡಿ ಮನುಷ್ಯರ ಕಣ್ಣಿಗೆ ಸರಿ ಕಾಣಿಸಿದ್ದೆ. ಸೆನ್ಸಾರ್ ಪಾಪ ನಿಜವನ್ನೇ ಹೇಳುತ್ತಿತ್ತು.

ನೀನು ಅವತ್ತು ಮಧ್ಯಾಹ್ನದ ನಮಾಜಿಗೆ ಹೋಗಿದ್ದೆ. ನಿನ್ನ ಕೆಲಸಕ್ಕೆಂದು ಬ್ಯಾಟರಿ ಹೇಗೂ ಕಳಚಿಯೇ ಇತ್ತು. ಅದೇ ಅನುಕೂಲವೆಂದು ನೀನು ಬರುವುದರೊಳಗೆ ನಾನು ಸ್ಟೀರಿಂಗ್ ಎತ್ತಿ ಕೂಡಿಸಿಬಿಟ್ಟಿದ್ದೆ. ಸಂಜೆ ಪುಸ್ತಕ ಓದುವಾಗ ಅದೊಂದು ಸಾಲು ಓದಿದೆನೋ ಬಿಟ್ಟೆನೋ ನೆನಪಿಲ್ಲ. ಐದು ನಿಮಿಷದ ಕೆಲಸವೆಂದು ಬಿಟ್ಟಿರಬೇಕು.

ಇನ್ನೊಂದು ಮಾತಿದೆ. ಅದನ್ನು ಬರೆಯಲು ಮೂರು ದಿನದಿಂದ ಧೈರ್ಯ ಒಟ್ಟು ಮಾಡುತ್ತಿದ್ದೇನೆ.

ಫೆಬ್ರವರಿಯಲ್ಲಿ ಆ ಕಾರು ನಿನ್ನ ಬಳಿ ಇದ್ದ ಮೂರನೆಯ ದಿನ, ಡ್ಯಾಶ್‌ಬೋರ್ಡಿನ ಕೆಳಗಿನಿಂದ ತಲೆ ಹೊರಗೆ ಹಾಕಿ ನೀನು ನನ್ನನ್ನು ಕೇಳಿದೆ: "ಸಿದ್ದಾ, ಆ ದಿನದ ಪುಸ್ತಕ ತಗಿ. ಈ ಗಾಡಿಗೆ ನಾವಿಬ್ರೂ ಏನೇನ್ ಮಾಡೀವಿ ಒಂದ್ಸಲ ಓದು." ನಾನು ಟ್ರ್ಯಾಕ್ಟರಿನ ಕೆಳಗಿದ್ದೆ. ಕೈಗೆಲ್ಲ ಗ್ರೀಸು. ಅದಷ್ಟೇ ಕಾರಣವಾಗಿದ್ದರೆ ಇವತ್ತು ನನಗೆ ಇಷ್ಟು ಉರಿಯುತ್ತಿರಲಿಲ್ಲ. "ನಾವಿಬ್ರೂ" ಅಂದದ್ದು ನನಗೆ ಚುಚ್ಚಿತ್ತು. "ದೀಪ ಹತ್ತೂದು ವೈರಿನ ಕೆಲಸ. ವೈರು ನಿಂದು. ನಂದು ಕಬ್ಬಣದ ಕೆಲಸ, ಅದರಾಗ ದೀಪ ಎಲ್ಲಿಂದ ಬರತೈತಿ? ನನ್ನ ಪುಸ್ತಕದಾಗ ಏನ್ ಹುಡಕ್ತಿ ನೀ?" ಎಂದೆ.

ನೀನು ಮತ್ತೆ ತಲೆ ಒಳಗೆ ಹಾಕಿದೆ. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ, "ಹೌದು ಬಿಡು, ನಂದ ಇರಬೇಕು" ಎಂದ ದನಿ ಮಾತ್ರ ಕೇಳಿಸಿತು.

ಪುಸ್ತಕ ನಿನ್ನಿಂದ ಐದು ಹೆಜ್ಜೆ ದೂರದಲ್ಲಿ, ಕಪಾಟಿನ ಮೇಲೆ ಇತ್ತು. ನೀನೇ ತೆಗೆದು ನೋಡಬಹುದಿತ್ತು. ನೋಡಿದರೂ ನಿನಗೆ ಓದಲು ಬರುತ್ತಿರಲಿಲ್ಲ. ನಾನು ಓದಿದರೆ ಮಾತ್ರ ಅದು ಪುಸ್ತಕ. ಅದು ಗೊತ್ತಿದ್ದೂ ಓದಲಿಲ್ಲ. ಸ್ಟೀರಿಂಗ್ ತಪ್ಪಾಗಿ ಕೂಡಿಸಿದ್ದನ್ನು ನಾನು ನನಗೇ ಕ್ಷಮಿಸಬಲ್ಲೆ, ತಿಳಿಯದೆ ಮಾಡಿದ್ದು. ಇದನ್ನು ಕ್ಷಮಿಸಲಾರೆ.

ಆಸೀಫ್ ನನ್ನ ಮುಖ ನೋಡಿ, "ಕಾಕಾ, ಸೊನ್ನೆ ಹಾಕ್ಲ್ಯಾ?" ಎಂದು ಮತ್ತೆ ಕೇಳಿದ. ಪುಸ್ತಕವನ್ನು ಅವನ ಕೈಗೆ ಕೊಟ್ಟೆ. ಓದಿದ. ಎರಡು ಸಲ ಓದಿದ. "ಮೊದಲ ಸ್ಟೀರಿಂಗ್ ಬಿಚ್ಚೂಣು, ಸೊನ್ನೆ ಆಮ್ಯಾಲ" ಎಂದೆ. ಬ್ಯಾಟರಿ ಕಳಚಿ, ಸ್ವಲ್ಪ ಹೊತ್ತು ಕಾದು, ಸ್ಟೀರಿಂಗ್ ಎತ್ತಿದೆವು. ದಂಡದ ಮೇಲೆ ಕಂಪನಿಯವರು ಹೊಡೆದ ಒಂದು ಚುಕ್ಕೆ, ಸ್ಟೀರಿಂಗಿನ ಮೇಲೆ ಒಂದು ಚುಕ್ಕೆ. ಎರಡೂ ಎದುರುಬದುರು ಇರಬೇಕು. ನಡುವೆ ಎರಡು ಹಲ್ಲಿನ ಅಂತರವಿತ್ತು. ಆಸೀಫನ ಫೋನಿನಲ್ಲಿ ಅದರ ಫೋಟೊ ತೆಗೆಸಿ ಇಟ್ಟಿದ್ದೇನೆ. ನಾಳೆ ನನಗೇ ಮನಸ್ಸು ಬದಲಾಗಬಾರದು ಎಂದು.

ನಿನ್ನೆ ಸೋಮವಾರ ಇಡೀ ಬೆಳಿಗ್ಗೆ ಗಾಡಿಯ ಕೆಳಗೆ ಮಲಗಿದ್ದೆ. ಚುಕ್ಕೆಗೆ ಚುಕ್ಕೆ ಕೂಡಿಸಿ ಸ್ಟೀರಿಂಗ್ ಹಾಕಿದೆ. ಎಡಗಡೆ ಅರ್ಧ ಸುತ್ತು, ಬಲಗಡೆ ಅರ್ಧ ಸುತ್ತು, ದಾರ ಹಿಡಿದು ನೋಡು, ಮತ್ತೆ ಕಾಲು ಸುತ್ತು. ಜನವರಿಯಲ್ಲಿ ಮಾಡಬೇಕಾಗಿದ್ದ ಒಂದು ತಾಸಿನ ಕೆಲಸಕ್ಕೆ ಮೂರು ತಾಸು ಹಿಡಿಯಿತು. ಅವಸರ ಮಾಡಲಿಲ್ಲ. ಎಲ್ಲ ಆದ ಮೇಲೆ ಆಸೀಫ್ ಸ್ಕ್ಯಾನರ್ ಹಚ್ಚಿದ. ಅರ್ಧ ಡಿಗ್ರಿ ತೋರಿಸಿತು. ಆಗ ಸೊನ್ನೆ ಹಾಕಿಸಿದೆ.

ಮಧ್ಯಾಹ್ನ ಯಮನೂರಿನವರೆಗೆ ಓಡಿಸಿಕೊಂಡು ಹೋದೆವು. ನೆಟ್ಟಗಿನ ರಸ್ತೆಯಲ್ಲಿ, ಹಿಂದೆ ಮುಂದೆ ಯಾವ ಗಾಡಿಯೂ ಇಲ್ಲದ್ದನ್ನು ನೋಡಿ, ಬೆರಳು ಸಡಿಲ ಬಿಟ್ಟೆ. ಗಾಡಿ ಎತ್ತಲೂ ಸರಿಯಲಿಲ್ಲ. ದೀಪ ಹತ್ತಲಿಲ್ಲ. ದರ್ಗಾದ ಮುಂದೆ ಇಳಿದು ಸಕ್ಕರೆ ಇಟ್ಟು ಪ್ರಾರ್ಥನೆ ಓದಿಸಿದೆ. ಪ್ರತಿ ವರ್ಷ ನೀನು ನಮ್ಮಿಬ್ಬರ ಹೆಸರಿನಲ್ಲಿ ಓದಿಸುತ್ತಿದ್ದೆ. ನಿನ್ನೆ ನಿನ್ನೊಬ್ಬನ ಹೆಸರು ಹೇಳಿದೆ. ಬರುವಾಗ ಮತ್ತೆ ದೀಪ ನೋಡಿದೆ, ಸಂಜೆ ಇನ್ನೊಂದು ಸಲ ಗದಗಿನ ಕಡೆಗೆ ಒಯ್ದು ನೋಡಿದೆ. ಹತ್ತಲೇ ಇಲ್ಲ. ಕಾರು ಸರಿಯಾಗಿದೆ, ನಿಜಾಮಾ. ನಿನ್ನ ಒಂಬತ್ತು ಜೋಡಣೆಗಳ ಮೇಲೆ ನೀನು ಸುತ್ತಿದ ಹಾಗೆಯೇ ಟೇಪು ಸುತ್ತಿದ್ದೇನೆ. ಒಂದನ್ನೂ ಮುಟ್ಟಿಲ್ಲ.

ಇವತ್ತು ಮಧ್ಯಾಹ್ನ ಪುಸ್ತಕ ಹಿಡಿದು ನಿಮ್ಮ ಮನೆಗೆ ಹೋದೆ. ಖಾಸಿಂಬಿ ಭಾಬಿ ಮಗ್ಗದ ಮುಂದೆ ಇದ್ದರು. ನವಲಗುಂದದ ತವರಿನಿಂದ ಬಂದ ಜಮಖಾನದ ಕೆಲಸವನ್ನು ಮತ್ತೆ ಹಿಡಿದಿದ್ದಾರೆ. ಅರ್ಧ ನೇಯ್ದ ಜಮಖಾನದಲ್ಲಿ ಒಂದು ನವಿಲಿನ ಕಾಲು ಮಾತ್ರ ಬಂದಿತ್ತು. ನಾನು ಬಾಗಿಲಲ್ಲಿಯೇ ನಿಂತು ಸ್ಟೀರಿಂಗಿನ ವಿಷಯವನ್ನೆಲ್ಲ ಹೇಳಿದೆ. ಅವರು ನೂಲು ಬಡಿಯುವುದನ್ನು ನಿಲ್ಲಿಸಲಿಲ್ಲ. ಹೇಳಿ ಮುಗಿದ ಮೇಲೆ, "ಪುಸ್ತಕ ಓದ್ರಿ" ಎಂದರು. ಓದಿದೆ. "ಇನ್ನೊಮ್ಮೆ ಓದ್ರಿ." ಓದಿದೆ.

"ಅವ್ರು ನಿಮ್ಮನ್ನ ಪುಸ್ತಕ ಕೇಳಿದ್ರೇನು?"

ಹೇಳದೆ ಇರಬಹುದಿತ್ತು. ಅದು ನಿನಗೆ ಮತ್ತು ನನಗೆ ಮಾತ್ರ ಗೊತ್ತಿದ್ದದ್ದು. "ಹೌದ್ರಿ ಭಾಬಿ, ಕೇಳಿದ್ದ. ನಾ ಓದಲಿಲ್ಲ" ಎಂದೆ.

ಆಗ ಬಡಿತ ನಿಂತಿತು. "ಸಿದ್ದಪ್ಪಣ್ಣ, ನೀವು ಈ ಮನಿಗೆ ಬಂದು ಚಾ ಕುಡೀದ ಹೋದ ದಿನಾ ಇಲ್ಲ. ಇವತ್ತ ನಾ ಚಾ ಮಾಡಂಗಿಲ್ಲ" ಎಂದರು. "ಮಾಡಬ್ಯಾಡ್ರಿ" ಎಂದೆ. "ಎರಡ್ ತಿಂಗಳ ಆ ಮನಷ್ಯಾ ತನ್ನ ಕೈ ತಾ ನೋಡಕೋತ ಕುಂತಿದ್ದ. ಬೆಳಕಿಗೆ ಹಿಡದ ನೋಡತಿದ್ದ, ನಡಗತಾವೇನೋ ಅಂತ. ನಡಗತಿರಲಿಲ್ಲ." ಅಷ್ಟು ಹೇಳಿ ಎದ್ದು ಒಳಗೆ ಹೋದರು. ಹೊರಟುಬಿಡಬೇಕು ಎಂದುಕೊಂಡೆ, ಆದರೆ ಹೊರಡಲಿಲ್ಲ. ಇನ್ನೂ ಏನಾದರೂ ಅನ್ನುವುದಿದ್ದರೆ ಅನ್ನಿಸಿಕೊಂಡೇ ಹೋಗಬೇಕು ಎಂದು ನಿಂತೆ.

ಅವರು ಹಳೆಯ ಲುಂಗಿಯ ತುಂಡಿನಲ್ಲಿ ಸುತ್ತಿದ ಒಂದು ಗಂಟು ತಂದು ನನ್ನ ಕೈಗಿಟ್ಟರು. ನಿನ್ನ ಐರನ್. ವೈರನ್ನು ಮೂರು ಸುತ್ತು ಸುತ್ತಿ, ತುದಿಗೆ ಎಣ್ಣೆ ಹಚ್ಚಿ ಇಟ್ಟಿದ್ದೆಯಂತೆ. ಮತ್ತೆ ಹಿಡಿಯುವುದಿಲ್ಲ ಎಂದುಕೊಂಡವನು ತುದಿಗೆ ಎಣ್ಣೆ ಹಚ್ಚುತ್ತಾನೇನು?

"ಇದನ್ನ ಅದರ ಮೊಳಿಗೆ ಹಾಕ್ರಿ. ನನಗ ಹೇಳಿದ್ರಲ್ಲಾ, ಇದು ಸಾಕಾಗಂಗಿಲ್ಲ. ಮಂದಿ ಮುಂದ ಅನಿಸ್ಕೊಂಡಾರ ಅವ್ರು, ಮಂದಿ ಮುಂದ ಹೇಳ್ರಿ. ಎಲ್ಲಿ ನಿಂತು ಅಂದಾನೋ ಅಲ್ಲೇ ನಿಂತು ಹೇಳ್ರಿ. ಕೇಳಾಕ ನಾನೂ ಬರ್ತೀನಿ" ಎಂದರು.

ಗ್ಯಾರೇಜಿಗೆ ಬಂದವನೇ ಟೀಚರಿಗೆ ಫೋನ್ ಮಾಡಿದೆ. "ಗಾಡಿ ಆಗೈತ್ರಿ. ಆದ್ರ ಒಯ್ಯಾಕ ನೀವು ಬರಬ್ಯಾಡ್ರಿ, ಹನುಮೇಶನ್ನ ಕಳಸ್ರಿ."

"ಅವ ಬರಂಗಿಲ್ರಿ ಕಾಕಾ. ಆ ಗ್ಯಾರೇಜಿನ ಕಡೆ ಮುಖಾನೂ ಹಾಕಂಗಿಲ್ಲ ಅಂದಾನ."

"ನಾ ಕರದೀನಿ ಅಂತ ಹೇಳ್ರಿ. ಆವತ್ತ ಬೈದಿದ್ದು ತಪ್ಪಿಲ್ಲದ ಮನಷ್ಯಾಗ. ಬೈಬೇಕಾದಾವ ಇಲ್ಲೇ ಅದಾನ, ಬಂದು ಬೈ ಅನ್ರಿ. ಆವತ್ತಿನಂಗ ಒಂಬತ್ತಕ್ಕ ಬಾ ಅನ್ರಿ."

ಅರ್ಧ ತಾಸಿನ ಮೇಲೆ ಟೀಚರೇ ಫೋನ್ ಮಾಡಿ, ಬರುತ್ತಾನಂತೆ ಎಂದರು.

ಭೀಮಶಿಗೂ ಹೇಳಿ ಬಂದಿದ್ದೇನೆ, ನಾಳೆ ಒಂಬತ್ತಕ್ಕೆ ಹಮಾಲರು ಯಾರೂ ಬೇಗ ಎದ್ದು ಹೋಗದ ಹಾಗೆ ನೋಡಿಕೋ ಎಂದು. "ಯಾಕ, ಸಿನಿಮಾ ತೋರಸ್ತಿಯೇನು?" ಎಂದ. "ಹೂಂ, ನಾನ ಕಳ್ಳನ ಪಾರ್ಟ್" ಎಂದೆ. ನಗಲಿಲ್ಲ ಅವನು. ನನ್ನ ಮುಖದಲ್ಲಿ ಏನು ಕಂಡನೋ.

ಏನು ಹೇಳಬೇಕೆಂದು ಬರೆದಿಟ್ಟುಕೊಂಡಿಲ್ಲ. ಜನವರಿ ಹದಿನೆಂಟರ ಪುಟ ಓದುತ್ತೇನೆ. ಅದೇ ಸಾಕು. ಚುಕ್ಕೆಗಳ ಫೋಟೊ ತೋರಿಸುತ್ತೇನೆ. ನೀನು ಪುಸ್ತಕ ಕೇಳಿದ್ದನ್ನೂ ನಾನು ಓದದೆ ಇದ್ದದ್ದನ್ನೂ ಹೇಳುತ್ತೇನೆ. ಹನುಮೇಶ ಏನೆನ್ನುತ್ತಾನೋ ಅದನ್ನು ತಲೆ ತಗ್ಗಿಸಿ ಕೇಳುತ್ತೇನೆ. ಅವನ ತಾಯಿಯ ಕೈ ಮುರಿದದ್ದು ನನ್ನಿಂದ. ಅವರ ಮನೆಗೂ ಹೋಗಿ ಹೇಳಬೇಕು. ಸ್ಟೀರಿಂಗ್ ಕೆಲಸಕ್ಕೆಂದು ನವಲಗುಂದದಿಂದ, ಕುಂದಗೋಳದಿಂದ ನನ್ನನ್ನು ಹುಡುಕಿಕೊಂಡು ಬರುವವರು ಆಮೇಲೆ ಬರದೆ ಇರಬಹುದು. ಇರಲಿ. ವೈರಿನ ಕೆಲಸಕ್ಕೆ ನಿನ್ನನ್ನು ಬಿಟ್ಟು ಗದಗಿಗೆ ಹೋದರಲ್ಲ, ಅವರು ಒಬ್ಬೊಬ್ಬರೂ ಅದನ್ನು ತಿಳಿಯಬೇಕು.

ಐರನ್ನನ್ನು ಅದರ ಮೊಳೆಗೆ ಹಾಕಿದ್ದೇನೆ. ಕಪ್ಪು ಗುರುತಿನ ಮೇಲೆ ಸರಿಯಾಗಿ ಕೂತಿದೆ. ಗ್ಯಾರೇಜಿನ ಹೆಸರಿನ ಹಲಗೆಯ ಮೇಲೆ ನಿನ್ನ ಹೆಸರು ಮೊದಲು, ನನ್ನದು ಆಮೇಲೆ ಇದೆ. ಅದು ಹಾಗೆಯೇ ಇರುತ್ತದೆ.

ನೀನಿರುವ ಮಣ್ಣು ನಿನಗೆ ತಂಪಾಗಿರಲಿ, ನಿಜಾಮಾ. ನಿನ್ನ ಕೈಯಲ್ಲಿ ತಪ್ಪಿರಲಿಲ್ಲ. ಇದನ್ನು ನಿನ್ನ ಕಿವಿಗೆ ಹೇಳುವ ಹೊತ್ತನ್ನು ಕಳೆದುಕೊಂಡೆ. ಈಗ ಗಟ್ಟಿಯಾಗಿ ಓದುತ್ತೇನೆ, ಎಲ್ಲಿದ್ದರೂ ಕಣ್ಣು ಮುಚ್ಚಿ ಕೇಳು. ಎಲ್ಲಾದರೂ ತಪ್ಪು ಬರೆದಿದ್ದರೆ ತಿದ್ದು.

ನಿನ್ನ ಬಾಜು ಇಪ್ಪತ್ತಾರು ವರ್ಷ ನಿಂತು, ಒಂದು ದಿನ ನಿಲ್ಲದೆ ಹೋದ,
ಕರಿಸಿದ್ದಪ್ಪ

ನಾಳೆ ಬುಧವಾರ. ಒಂಬತ್ತು ಗಂಟೆಗೆ ಹನುಮೇಶ ಕಾರು ಒಯ್ಯಲು ಬರುತ್ತಾನೆ.